ಏಳು ವರ್ಷ ಕಾಲಿಡದ ಗುಡ್ಡೆ, ಸರ್ವೆಯವರು ಬರುವ ಮೊದಲು ಬಲ್ಲೆ (ಪೊದೆ) ತೆಗೆಯಬೇಕು

ಗುಡ್ಡೆಮನೆ ಮಗಳು
ನವೆಂಬರ್ 6

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡದೆ ಓದಿ.

ಕಾಸರಗೋಡಿನ ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ ಅಪ್ಪನ 2 ಎಕ್ರೆ 40 ಸೆಂಟ್ಸ್ ಜಾಗ ಉಂಟು. ಕೆಳಗೆ ಒಂದಿಷ್ಟು ಅಡಿಕೆ ತೋಟ. ಅದನ್ನು ಪಕ್ಕದ ಮನೆಯ ಭಾವ ನೋಡಿಕೊಳ್ಳುತ್ತಾರೆ. ಮೇಲಿನದ್ದು ಗೇರು ಗುಡ್ಡೆ. ಅಪ್ಪ ಹೋಗಿ ಏಳು ವರ್ಷ ಆಯಿತು. ನಾನು ಮಂಗಳೂರಿನಲ್ಲಿ ಟೀಚರ್, ತಮ್ಮ ಮಸ್ಕತ್ತಿನಲ್ಲಿ. ಗುಡ್ಡೆಗೆ ಹತ್ತಿದವರು ಯಾರೂ ಇಲ್ಲ.

ಕಳೆದ ವಾರ ಭಾವ ಒಂದು ನೋಟಿಸಿನ ಫೋಟೋ ಕಳಿಸಿದರು. ಪೂರ್ತಿ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ, ಕನ್ನಡ ಮೀಡಿಯಂ ಅಲ್ವಾ. ಕೊನೆಗೆ ಭಾವನ ಮಗಳು ಓದಿ ವಾಯ್ಸ್ ಮೆಸೇಜ್ ಹಾಕಿದಳು. ಜಾಗದ ಡಿಜಿಟಲ್ ಸರ್ವೆಗೆ ಬರುತ್ತಾರೆ, ಗಡಿಯಲ್ಲಿ 'ಕಾಡ್ ವೆಟ್ಟಿತ್ತೆಳಿಕ್ಕಣಂ' ಅಂತೆ. ಗಡಿಯ ಕಾಡು ಕಡಿದು ಚೊಕ್ಕ ಮಾಡಿ ಇಡಬೇಕು, ಸರ್ವೆ ಕಲ್ಲು ಕಾಣಬೇಕು, ಕಾಗದಪತ್ರ ಹಿಡಿದುಕೊಂಡು ನಿಲ್ಲಬೇಕು. ಕೇರಳದಲ್ಲಿ ಈ ಸರ್ವೆ ಶುರುವಾದದ್ದು 2022ರ ನವೆಂಬರ್ 1ಕ್ಕೆ. ನಮ್ಮ ಕಡೆಯವರಿಗೆ ಆ ದಿನ ಕನ್ನಡ ರಾಜ್ಯೋತ್ಸವವೂ ಹೌದು, ಕೇರಳ ಪಿರವಿಯೂ (ಕೇರಳ ರಾಜ್ಯ ಹುಟ್ಟಿದ ದಿನ) ಹೌದು. ಯಾವುದಕ್ಕೆ ಸಿಹಿ ಹಂಚುವುದು ಅಂತ ಅಪ್ಪ ತಮಾಷೆ ಮಾಡುತ್ತಿದ್ದರು.

ಭಾನುವಾರ ಹೋದೆ. ಹಟ್ಟಿಯ ಗೋಡೆಗೆ ಸಿಕ್ಕಿಸಿದ್ದ ಅಪ್ಪನ ಕತ್ತಿ ಹಿಡಿದುಕೊಂಡು ಹತ್ತಿದೆ. ಮೂವತ್ತು ಹೆಜ್ಜೆ. ಅಷ್ಟೇ. ಮುಂದೆ ದಾರಿ ಎಂಬುದೇ ಇಲ್ಲ. ಕಮ್ಯುನಿಸ್ಟ್ ಗಿಡ ಅಂತ ನಾವು ಕರೆಯುವ ಕಳೆ ನನ್ನ ತಲೆಗಿಂತ ಎತ್ತರ, ಅದರ ಮೇಲೆ ಲಂಟಾನ ಒರಗಿದೆ, ಎರಡನ್ನೂ ಸೇರಿಸಿ ಹೊಲಿದ ಹಾಗೆ ದೊಡ್ಡ ಜಾತಿಯ ನಾಚಿಕೆ ಮುಳ್ಳು. ಒಂದು ಕಡೆ ಕತ್ತಿ ಬೀಸಿದರೆ ಇಡೀ ಚಪ್ಪರವೇ ಅಲ್ಲಾಡುತ್ತದೆ, ಬೀಳುವುದಿಲ್ಲ. ಹಿಂದೆ ತಿರುಗಿದರೆ ಬಂದ ದಾರಿಯೂ ಮುಚ್ಚಿಕೊಂಡಿತ್ತು. ಚೂಡಿದಾರದ ಶಾಲನ್ನು ಅಲ್ಲಿಯೇ ಮುಳ್ಳಿಗೆ ಬಿಟ್ಟು ಇಳಿದೆ. ಅದು ಈಗಲೂ ಅಲ್ಲಿ ಬಾವುಟದ ಹಾಗೆ ನೇತಾಡುತ್ತಿದೆಯಂತೆ. ಭಾವನಿಗೆ ನಗು.

ಭಾವನಿಗೆ ಬೇರೆ ಸಿಟ್ಟೂ ಉಂಟು. ಹಂದಿಗಳು ಹಗಲು ನಮ್ಮ ಗುಡ್ಡೆಯಲ್ಲಿ ಮಲಗಿ ರಾತ್ರಿ ಅವರ ಬಾಳೆಗೆ ಇಳಿಯುತ್ತವೆ. ಬಾಯಿಬಿಟ್ಟು ಬೈಯಲಿಲ್ಲ, ಆದರೆ ಚಾ ಕುಡಿಯುವಾಗ ಮೂರು ಸಲ ಹೇಳಿದರು.

ಈಗ ಕೇಳುವುದು ಇಷ್ಟು. ಇದಕ್ಕೆ ಜನ ಸಾಕಾ, ಕಾಡು ತೆಗೆಯುವ ಮೆಷಿನ್ (ಬ್ರಷ್ ಕಟರ್) ಬೇಕಾ, ಜೇಸಿಬಿ ಬೇಕಾ? ಎಲ್ಲಿಂದ ಶುರು ಮಾಡುವುದು? ಎಷ್ಟು ದುಡ್ಡು ಹೋಗಬಹುದು? ಬರುವ ವರ್ಷ ಮತ್ತೆ ಇದೇ ಕಥೆ ಆಗದಿರಲು ಎಂತ ಮಾಡಬೇಕು? ಡಿಸೆಂಬರ್ ಮೊದಲ ವಾರ ಸರ್ವೆಯವರು ಬರಬಹುದು ಅಂತ ಕೇಳಿದ್ದೇನೆ.


ಬದಿಯಡ್ಕ ಬಸ್
ನವೆಂಬರ್ 6

ಅಕ್ಕ, ಇಷ್ಟು ತಲೆಬಿಸಿ ಯಾಕೆ? ಜೇಸಿಬಿ ತರಿಸಿ, ಎರಡು ದಿನದಲ್ಲಿ ಮೈದಾನ ಮಾಡಿ ಕೊಡುತ್ತಾರೆ. ಗಂಟೆಗೆ 1,300-1,400 ಆಗಬಹುದು. ಅದು ಬೇಡ ಅಂದರೆ ಕಳೆಮದ್ದು ಹೊಡೆಸಿ. ಹದಿನೈದು ದಿನದಲ್ಲಿ ಒಣಗುತ್ತದೆ, ಒಂದು ಬೆಂಕಿಕಡ್ಡಿ ಸಾಕು.


ಗುಡ್ಡೆಮನೆ ಮಗಳು
ನವೆಂಬರ್ 6

ತಮ್ಮಾ, ಉತ್ತರ ಕೊಟ್ಟದ್ದಕ್ಕೆ ಥ್ಯಾಂಕ್ಸ್. ಆದರೆ ಮದ್ದಿನ ಮಾತು ನಮ್ಮ ಜಾಗದಲ್ಲಿ ಬೇಡ.

ನಾನು ಸಣ್ಣವಳಿರುವಾಗ ಗೇರು ಹೂ ಬಿಡುವ ಹೊತ್ತಿಗೆ ಮದ್ದು ಹೊಡೆಯಲು ಹೆಲಿಕಾಪ್ಟರ್ ಬರುತ್ತಿತ್ತು. ನಮಗೆ ಮಕ್ಕಳಿಗೆ ಅದು ಜಾತ್ರೆ. ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಅಮ್ಮ ಒಳಗಿನಿಂದ ಕೂಗುತ್ತಾ ಬಂದು ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದರು. ಮಡಲಿನ ಸಂದಿಯಲ್ಲಿ ಮಂಜಿನ ಹಾಗೆ ಇಳಿಯುತ್ತಿತ್ತು, ತುಳಸಿ ಕಟ್ಟೆಯ ಮೇಲೆಲ್ಲ ಅದೇ ವಾಸನೆ. ಆ ಕೀಟದ ಮದ್ದಿನ ಹೆಸರು ಎಂಡೋಸಲ್ಫಾನ್ ಅಂತ ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ನಮ್ಮ ತರಗತಿಯ ಫೋಟೋದಲ್ಲಿ ಇದ್ದವರಲ್ಲಿ ಇಬ್ಬರು ಇರಲಿಲ್ಲ. ಕಾರಣ ಅದೇ ಅಂತ ನಾನು ಹೇಳುವುದಿಲ್ಲ, ನಾನು ಡಾಕ್ಟರ್ ಅಲ್ಲ.

ಅದು ಕೀಟದ ಮದ್ದು, ಇದು ಕಳೆಯ ಮದ್ದು, ಬೇರೆ ಬೇರೆ ಅಂತ ನೀನು ಹೇಳಬಹುದು. ಸರಿ. ಆದರೂ ಅಮ್ಮ ಇರುವವರೆಗೆ ಆ ಗುಡ್ಡೆಗೆ ಸ್ಪ್ರೇಯರ್ ಹತ್ತುವುದಿಲ್ಲ.


ಮುಳ್ಳೇರಿಯ ಮೆಷಿನ್
ನವೆಂಬರ್ 7

ಅಕ್ಕ ಹೇಳಿದ್ದು ಸರಿ. ಅಲ್ಲದೆ ಗ್ಲೈಫೋಸೇಟ್ ಎಂಬ ಕಳೆಮದ್ದಿನ ಮಾರಾಟವನ್ನು ಕೇರಳದಲ್ಲಿ 2019ರಲ್ಲೇ ನಿಷೇಧ ಮಾಡಿದ್ದರು. 2022ರಲ್ಲಿ ಕೇಂದ್ರದವರೂ ಕೈ ಬಿಗಿ ಮಾಡಿದ್ದಾರೆ, ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲ್ (ಕೀಟ ನಿಯಂತ್ರಣ) ಆಪರೇಟರುಗಳೇ ಹೊಡೆಯಬೇಕು ಅಂತ. ಬೆಂಕಿಯ ಮಾತಂತೂ ಎತ್ತಲೇಬೇಡಿ. ಗೇರು ಗುಡ್ಡೆಯಲ್ಲಿ ಒಣ ಎಲೆ ಎಷ್ಟಿರುತ್ತದೆ ಅಂತ ಗೊತ್ತಿಲ್ಲದವರು ಮಾತ್ರ ಹಾಗೆ ಹೇಳಬಹುದು. ಕಮ್ಯುನಿಸ್ಟ್ ಗಿಡ ಹಸಿ ಇರುವಾಗಲೇ ಎಣ್ಣೆ ಹಾಕಿದ ಹಾಗೆ ಉರಿಯುತ್ತದೆ.

ನಾನು ಹನ್ನೊಂದು ವರ್ಷದಿಂದ ಕಾಡು ತೆಗೆಯುವ ಮೆಷಿನ್ ಹಿಡಿದವನು. ನನಗೆ ಗೊತ್ತಿರುವುದು ಹೇಳುತ್ತೇನೆ.

ಮೆಷಿನ್ ತೆಗೆದುಕೊಂಡು ನೇರ ಒಳಗೆ ನುಗ್ಗುವುದು ತಪ್ಪು. ನೀವು ಹೇಳಿದ ಹಾಗೆ ಚಪ್ಪರ ಕಟ್ಟಿದ ಬಲ್ಲೆಗೆ ಮೊದಲು ಕತ್ತಿ. ಇಬ್ಬರು ಉದ್ದ ಹಿಡಿಯ ಕೊಕ್ಕೆಕತ್ತಿಯಲ್ಲಿ ಮೊಣಕಾಲು ಎತ್ತರಕ್ಕೆ ಕಡಿದು ಎಳೆದು ಹಾಕಬೇಕು. ಆಗ ನೆಲ ಕಾಣುತ್ತದೆ. ನೆಲ ಕಂಡ ಮೇಲೆ ಮೆಷಿನ್. ಯಾಕೆ ಅಂದರೆ ಹಳೆಯ ಬೇಲಿಯ ಮುಳ್ಳುತಂತಿ, ಗೇರಿನ ಕುತ್ತಿ (ಕಡಿದ ಮರದ ಬುಡ), ಮುರಕಲ್ಲು (ಕೆಂಪುಕಲ್ಲು), ಇವು ಮೂರೂ ಬ್ಲೇಡಿಗೆ ಯಮ. ತಂತಿ ಸುತ್ತಿಕೊಂಡರೆ ಹೇಳುವುದೇ ಬೇಡ.

ಹುಲ್ಲಿಗೆ ನೈಲಾನ್ ಹಗ್ಗ ಸಾಕು, ಇದಕ್ಕೆ ಆಗದು. ಕಮ್ಯುನಿಸ್ಟಿಗೆ ಮೂರು ಹಲ್ಲಿನ ಬ್ಲೇಡ್. ಹೆಬ್ಬೆರಳಿಗಿಂತ ದಪ್ಪದ ಲಂಟಾನಕ್ಕೆ ಗರಗಸದ ಹಾಗೆ ತುಂಬಾ ಹಲ್ಲಿರುವ ಉರುಟು ಬ್ಲೇಡ್. ಬ್ಲೇಡಿನ ನಟ್ಟಿನ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿದರೆ ಸಡಿಲ ಆಗುತ್ತದೆ. ಹೊಸಬರು ಎಡಕ್ಕೆ ತಿರುಗಿಸಿ ತಿರುಗಿಸಿ ನಟ್ಟು ಕೊಂದು ನನ್ನ ಹತ್ತಿರ ತರುತ್ತಾರೆ. ಬೀಸುವುದು ಬಲದಿಂದ ಎಡಕ್ಕೆ. ಬ್ಲೇಡಿನ ಮುಂದಿನ ಬಲ ಭಾಗ ಗಟ್ಟಿ ಮರದ ಬುಡಕ್ಕೆ ತಾಗಿದರೆ ಮೆಷಿನ್ ಒದೆಯುತ್ತದೆ, ಎಂಥಾ ಗಟ್ಟಿ ಆಳಾದರೂ ಅರ್ಧ ಸುತ್ತು ತಿರುಗಿಬಿಡುತ್ತಾನೆ. ಅದಕ್ಕೇ 15 ಮೀಟರ್ ಒಳಗೆ ಯಾರೂ ನಿಲ್ಲಬಾರದು. ನೀರು ಕೊಡಲು ಬರುವವರು ಹಿಂದಿನಿಂದ ಬಂದು ಭುಜ ಮುಟ್ಟುವುದು ಬೇಡ, ಎದುರಿನಲ್ಲಿ ದೂರ ನಿಂತು ಕೈ ಎತ್ತಲಿ.

ಗಂಬೂಟು, ಮುಖಕ್ಕೆ ಜಾಲರಿ, ದಪ್ಪ ಪ್ಯಾಂಟು. ಮುರಕಲ್ಲಿನ ಚೂರು ಬುಲೆಟ್ ಹಾಗೆ ಬರುತ್ತದೆ. ನನ್ನ ಎಡ ಮೊಣಕಾಲಿನ ಕೆಳಗೆ ಒಂದು ಗುರುತು ಉಂಟು, ಲುಂಗಿ ಕಟ್ಟಿ ಕೆಲಸ ಮಾಡಿದ್ದರ ಬಹುಮಾನ. ಆ ದಿನ ರಕ್ತ ನಿಲ್ಲಿಸಿದ್ದೂ ಕಮ್ಯುನಿಸ್ಟ್ ಸೊಪ್ಪಿನ ರಸವೇ, ಅದನ್ನೂ ಹೇಳಬೇಕಲ್ಲ.

ಹೊತ್ತು ಈಗಲೇ ಸರಿ. ಕಮ್ಯುನಿಸ್ಟ್ ಹೂ ಬಿಡುವುದು ಡಿಸೆಂಬರ್, ಜನವರಿಯಲ್ಲಿ. ಆಮೇಲೆ ಕಡಿದರೆ ನೀವೇ ಬೀಜ ಬಿತ್ತಿದ ಹಾಗೆ, ಗಾಳಿಗೆ ಹತ್ತಿಯ ಹಾಗೆ ಹಾರುತ್ತದೆ. ಈಗ ಕಡಿದದ್ದನ್ನು ಅಡಿಕೆ ಬುಡಕ್ಕೆ ಹಾಕಿ, ಒಳ್ಳೆಯ ಸೊಪ್ಪು. ಲಂಟಾನ ಮಾತ್ರ ಹಟ್ಟಿಗೆ ಹಾಕಬೇಡಿ, ದನಕ್ಕೆ ವಿಷ.

ಲಂಟಾನವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಪ್ರಯೋಜನ ಇಲ್ಲ, ಒಂದಕ್ಕೆ ಹತ್ತು ಚಿಗುರುತ್ತದೆ. ಪಿಕ್ಕಾಸಿನಲ್ಲಿ ಎರಡು ಇಂಚು ಮಣ್ಣು ಸರಿಸಿ, ಬುಡದ ಗಂಟಿನ ಕೆಳಗೆ ಬೇರು ಕಡಿದು, ಗಿಡವನ್ನು ತಲೆಕೆಳಗೆ ಮಾಡಿ ಒಣಗಲು ಬಿಡಬೇಕು. ದಿಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರು ಹೇಳಿಕೊಟ್ಟ ಕ್ರಮ ಇದು. ಮಣ್ಣು ಈಗ ಮೆತ್ತಗೆ ಉಂಟು. ಮಾರ್ಚಿಗೆ ಹೋದರೆ ಪಿಕ್ಕಾಸು ಠಣ್ ಅನ್ನುತ್ತದೆ.

ನಮ್ಮ ಕಡೆ ಈಗ ಮೆಷಿನ್ ಸಮೇತ ದಿನಕ್ಕೆ 1,500, ಪೆಟ್ರೋಲ್ ಬೇರೆ. ಕತ್ತಿ ಕೆಲಸಕ್ಕೆ 900. ನೀವೇ ಮೆಷಿನ್ ತೆಗೆದುಕೊಳ್ಳುವುದಾದರೆ ಕೃಷಿಭವನದಲ್ಲಿ ಸ್ಮಾಮ್ (ಕೃಷಿ ಯಂತ್ರಗಳಿಗೆ ಸಹಾಯಧನ ಕೊಡುವ ಕೇಂದ್ರದ) ಯೋಜನೆಯ ಸಬ್ಸಿಡಿ ಕೇಳಿ ನೋಡಿ. ಆದರೆ ಮಂಗಳೂರಿನಲ್ಲಿ ಕೂತು ವರ್ಷಕ್ಕೊಮ್ಮೆ ಸ್ಟಾರ್ಟ್ ಮಾಡುವವರಿಗೆ ಮೆಷಿನ್ ಬೇಡ. ಕಾರ್ಬೊರೇಟರ್ ಕಟ್ಟಿಕೊಂಡು ಅದೂ ನನ್ನ ಹತ್ತಿರವೇ ಬರುತ್ತದೆ.


ಕೋಲು ಮುಕ್ಕಾಲು
ನವೆಂಬರ್ 7

ಮಗಳೇ, ನನಗೆ ಎಪ್ಪತ್ತೊಂದು. ಬಾಯಾರು ಕಡೆಯವನು. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ತಪ್ಪಿದ್ದರೆ ಅವನದ್ದು.

ಜೇಸಿಬಿ ಹತ್ತಿಸುವ ಮೊದಲು ಒಂದು ಮಾತು ಕೇಳು. ನಿಮ್ಮ ಗುಡ್ಡೆಯಲ್ಲಿ ಸುರಂಗ ಉಂಟಾ? ನಮ್ಮ ಕಡೆ ಹಳೆಯ ಜಾಗ ಅಂದ ಮೇಲೆ ಒಂದಾದರೂ ಇರುತ್ತದೆ. ಒಬ್ಬ ಬಗ್ಗಿ ನಡೆಯುವಷ್ಟು ಅಗಲ, ನೀರಿಗಾಗಿ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದದ್ದು. ಬಾಯಿಗೆ ಮಣ್ಣು ಜಾರಿ ಜರಿಗಿಡ ಬೆಳೆದರೆ ಎದುರಿನಲ್ಲೇ ನಿಂತರೂ ಕಾಣುವುದಿಲ್ಲ. ಅದರ ನೆತ್ತಿಯ ಮೇಲೆ ಜೇಸಿಬಿ ಹೋದರೆ ಮಾಡು ಕುಸಿಯಬಹುದು. ನೀರೂ ಹೋಯಿತು, ಮೆಷಿನೂ ಹೋಯಿತು. ಕೆಲವು ಸುರಂಗಕ್ಕೆ ಗಾಳಿಗೆಂದು ಮೇಲಿನಿಂದ ಬಾವಿಯ ಹಾಗೆ ಗುಂಡಿ ತೋಡಿರುತ್ತಾರೆ. ಬಲ್ಲೆಯೊಳಗೆ ಅದು ಬಾಯಿ ತೆರೆದುಕೊಂಡು ಇರುತ್ತದೆ. ಕೋಲು ಊರಿ ನೋಡದೆ ಹೆಜ್ಜೆ ಇಡಬೇಡಿ.

ಇನ್ನೊಂದು, ಜೇಸಿಬಿ ಬಲ್ಲೆಯ ಜೊತೆಗೆ ಮೇಲ್ಮಣ್ಣನ್ನೂ ಹೆರೆದು ತೋಡಿಗೆ ತಳ್ಳುತ್ತದೆ. ಮುರಕಲ್ಲಿನ ಮೇಲೆ ಮಣ್ಣು ಇರುವುದೇ ಒಂದು ಗೇಣು. ಬರುವ ಜೂನಿಗೆ ಅದೂ ಇಲ್ಲ.

ಎಲ್ಲವನ್ನೂ ಬೋಳಿಸಬೇಡ. ಬಲ್ಲೆಯ ಅಡಿಯಲ್ಲಿ ಕುಂಟಾಲ, ಕೇಪಳ, ಪುನರ್ಪುಳಿ, ಮರುವದ ಸಸಿಗಳು ಇದ್ದೇ ಇರುತ್ತವೆ, ಬೆಳಕಿಲ್ಲದೆ ಸೊರಗಿ ನಿಂತಿರುತ್ತವೆ. ಹಳೆಯ ಕೆಂಪು ಬಟ್ಟೆ ಹರಿದು ಕಟ್ಟಿಸು, ಮೆಷಿನಿನವರು ಬಿಡುತ್ತಾರೆ. ಗಂಧದ ಗಿಡ ಕಂಡರೆ ಮುಟ್ಟಬೇಡ, ಅದನ್ನು ಕಡಿಯಲು ಫಾರೆಸ್ಟಿನವರ ಅನುಮತಿ ಬೇಕು. ಮೂಲೆಯಲ್ಲಿ ದೊಡ್ಡ ಮರ, ಅದರ ಬುಡದಲ್ಲಿ ಕಲ್ಲು ಕಂಡರೆ ನಿಲ್ಲಿಸಿ ಅಮ್ಮನನ್ನು ಕೇಳು, ನಾಗಬನ ಇರಬಹುದು. ಗಡಿ ಹುಡುಕುವುದಕ್ಕೂ ಗಿಡವೇ ಸಾಕ್ಷಿ. ಕಾಡಿನ ನಡುವೆ ನೆಕ್ಕಿ (ಲಕ್ಕಿ) ಗಿಡ, ಕತ್ತಾಳೆ ಸಾಲಾಗಿ ಕಂಡರೆ ಅದು ತಾನಾಗಿ ಹುಟ್ಟಿದ್ದಲ್ಲ, ಯಾರೋ ಬೇಲಿಗೆ ನೆಟ್ಟದ್ದು. ಪಕ್ಕದಲ್ಲಿ ಅಗಳು (ಗಡಿಗೆ ತೋಡಿದ ಕಂದಕ) ಇರುತ್ತದೆ.

ಮತ್ತೆ ಚೇರೆ ಮರ. ಕಪ್ಪು ಸೊನೆ ಇರುವುದು. ನಾನು ಇಪ್ಪತ್ತನೆಯ ವಯಸ್ಸಿನಲ್ಲಿ ಗೊತ್ತಿಲ್ಲದೆ ಕಡಿದೆ. ಮಾರನೆಯ ದಿನ ಕಣ್ಣು ತೆರೆಯಲು ಆಗಲಿಲ್ಲ, ಮುಖ ಹಲಸಿನಕಾಯಿ. ಚೇರೆ ಮಾಡಿದ್ದನ್ನು ತಾರೆ ಮರ ತೀರಿಸುತ್ತದೆ ಅಂತ ಅಜ್ಜಿ ತಾರೆ ಮರಕ್ಕೆ ಸುತ್ತು ಬರಿಸಿದರು. ಬಂದೆ. ತುರಿಕೆ ಹೋದದ್ದು ಆಸ್ಪತ್ರೆಯ ಮಾತ್ರೆಗೆ.


ರಬ್ಬರ್ ಕುಞ್ಞಿ
ನವೆಂಬರ್ 8

ಮತ್ತೆ ಬೆಳೆಯದಿರಲು ಮುಕುನ ಬಳ್ಳಿ ಹಾಕಿ. ರಬ್ಬರ್ ತೋಟದವರೆಲ್ಲ ಹಾಕುತ್ತಾರೆ. ನೆಲ ಮುಚ್ಚಿಬಿಡುತ್ತದೆ, ಬೇರೆ ಕಳೆ ತಲೆ ಎತ್ತುವುದಿಲ್ಲ.


ಮುಳ್ಳೇರಿಯ ಮೆಷಿನ್
ನವೆಂಬರ್ 8

ಕುಞ್ಞಿ ಅಣ್ಣ, ನೋಡಿಕೊಳ್ಳುವವರು ಇದ್ದರೆ ಅದು ಸರಿ. ಇಲ್ಲಿ ಯಾರೂ ಇಲ್ಲ. ಎರಡು ವರ್ಷದಲ್ಲಿ ಗೇರು ಮರದ ನೆತ್ತಿ ಹತ್ತಿ ಕೂರುತ್ತದೆ. ಆಮೇಲೆ ಅಕ್ಕ 'ಮುಕುನ ತೆಗೆಯುವುದು ಹೇಗೆ' ಅಂತ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಬರುವ ಜುಲೈಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಎರಡೆರಡು ಆಳು ಬಿಟ್ಟು ಚಿಗುರು ಕೀಳಿಸಿ. ಮೂರು ಮಳೆಗಾಲ ಹಾಗೆ ಮಾಡಿದರೆ ಗೇರಿನ ನೆರಳೇ ಉಳಿದದ್ದನ್ನು ನೋಡಿಕೊಳ್ಳುತ್ತದೆ.


ಗುಡ್ಡೆಮನೆ ಮಗಳು
ಡಿಸೆಂಬರ್ 8

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಜೇಸಿಬಿ ಬೇಡ ಅಂತ ನಿಶ್ಚಯ ಮಾಡಿದೆ. ಮೆಷಿನಿನವರು ಒಬ್ಬರು ಐದು ದಿನ, ಕತ್ತಿಗೆ ಇಬ್ಬರು ನಾಲ್ಕು ದಿನ. 7,500, 7,200, ಪೆಟ್ರೋಲಿಗೆ 1,400. ಒಟ್ಟು 16,100. ಊಟ, ಚಾ ಭಾವನ ಮನೆಯಲ್ಲಿ. ದುಡ್ಡು ಕೊಡಲು ಹೋದರೆ ಅಕ್ಕ ನನ್ನನ್ನೇ ಬೈದರು. ಗಡಿಯ ಸುತ್ತ ಎಂಟು ಅಡಿ ಅಗಲಕ್ಕೆ ಪೂರ್ತಿ ತೆಗೆದೆವು. ನಡುವೆ ಲಂಟಾನ, ಕಮ್ಯುನಿಸ್ಟ್, ಮುಳ್ಳು ಇಷ್ಟೇ. ಅಮ್ಮನ ಹಳೆಯ ಕೆಂಪು ಸೀರೆ ಹರಿದು ನಲವತ್ತಮೂರು ಸಸಿಗಳಿಗೆ ಕಟ್ಟಿದೆ, ಹದಿನೇಳು ಪುನರ್ಪುಳಿಯೇ. ಎರಡು ಸಸಿ ಬಟ್ಟೆ ಇದ್ದೂ ತುಂಡಾದವು. ಇರಲಿ.

ಎರಡನೆಯ ದಿನ ಹಂದಿಯ ಗೂಡು ಸಿಕ್ಕಿತು. ಕಡಿದು ತಂದು ಹಾಸಿದ ಹಾಗೆ ಹುಲ್ಲಿನ ರಾಶಿ, ನಡುವೆ ಬೆಚ್ಚಗಿನ ತಗ್ಗು. ಭಾವ ಅದನ್ನು ನೋಡಲೆಂದೇ ಕೆಲಸ ಬಿಟ್ಟು ಹತ್ತಿ ಬಂದರು. ಮೊಬೈಲಿನಲ್ಲಿ ಫೋಟೋ ತೆಗೆದು ಮನೆ ಮನೆಗೆ ತೋರಿಸಿದರಂತೆ.

ಆರು ಸರ್ವೆ ಕಲ್ಲುಗಳಲ್ಲಿ ನಾಲ್ಕು ಸಿಕ್ಕಿದವು. ಐದನೆಯದರ ಜಾಗದಲ್ಲಿ ನನ್ನ ಎದೆ ಎತ್ತರದ ಹುತ್ತ. ಅಮ್ಮ ಕೈ ಮುಗಿದರು, ನಾವು ಅಲ್ಲಿಂದ ಸರಿದೆವು. ಆರನೆಯದ್ದು ಗೊತ್ತೇ ಆಗಲಿಲ್ಲ, ಆದರೆ ಕೋಲು ಮುಕ್ಕಾಲು ಅಜ್ಜ ಹೇಳಿದ ಹಾಗೆ ನೆಕ್ಕಿ ಸಾಲು ಹಿಡಿದು ಹೋದರೆ ಅಗಳು ಸಿಕ್ಕಿತು. ಶಾಲೂ ಸಿಕ್ಕಿತು.

ಇನ್ನು ಮುಖ್ಯ ವಿಷಯ. ನಾಲ್ಕನೆಯ ದಿನ ಮಧ್ಯಾಹ್ನ ಮೇಲಿನ ತಟ್ಟಿನ ಬರೆಯಲ್ಲಿ (ಕಡಿದಾದ ಮಣ್ಣಿನ ಬದಿಯಲ್ಲಿ) ಜರಿಗಿಡ ಎಳೆಯುತ್ತಿದ್ದ ಹೆಂಗಸು 'ಇಲ್ಲಿ ತಂಪು ಗಾಳಿ ಬರುತ್ತದೆ' ಅಂದರು. ಮೆಷಿನ್ ನಿಲ್ಲಿಸಿದೆವು. ಕೈ ಹಿಡಿದು ನೋಡಿದೆ, ಫ್ರಿಜ್ ಬಾಗಿಲು ತೆರೆದ ಹಾಗೆ. ಹಾರೆಯಲ್ಲಿ ಮಣ್ಣು ಎಳೆದರೆ ಮುರಕಲ್ಲಿನಲ್ಲಿ ಕಪ್ಪು ಬಾಯಿ. ನನ್ನ ಅಜ್ಜ ನಲವತ್ತು ಕೋಲು ಸುರಂಗ ಕೊರೆಸಿದರು ಅಂತ ಅಪ್ಪ ಹೇಳುವಾಗ ನಾನು ಬಡಾಯಿ ಅಂದುಕೊಂಡಿದ್ದೆ. ಒಂದು ಕೋಲು ಅಂದರೆ ಎರಡೂವರೆ ಅಡಿ, ನೂರು ಅಡಿ ಆಯಿತಲ್ಲ! ಕತ್ತಿ ಕೆಲಸದವರು ಮೋಂಬತ್ತಿ ಹಚ್ಚಿಕೊಂಡು ಒಳಗೆ ಹೋದರು. ಬತ್ತಿ ಸಣ್ಣ ಆದರೆ ತಿರುಗಿ ಬರಬೇಕು ಅಂತ ಅವರಿಗೇ ಗೊತ್ತಿತ್ತು. ಹೋದಷ್ಟು ದೂರವೂ ಪಾದ ಮುಳುಗುವಷ್ಟು ನೀರು. ಬಾಯಿಯ ಹತ್ತಿರ ನೀರು ಹರಿಸುವ ಅಡಿಕೆ ಮರದ ದಂಬೆಯ ತುಂಡೊಂದು, ಮುಟ್ಟಿದರೆ ಪುಡಿ. ಮಣ್ಣು ಸರಿಸಿದ ಮೇಲೆ ನೀರು ತಾನಾಗಿ ಇಳಿಯಲು ಶುರು ಮಾಡಿತು. ಕೊಡಪಾನ ಇಟ್ಟು ನೋಡಿದೆವು, ಹನ್ನೆರಡು ನಿಮಿಷಕ್ಕೆ ತುಂಬಿತು. ಡಿಸೆಂಬರಿಗೆ ಹೀಗೆ, ಏಪ್ರಿಲಿಗೆ ಹೇಗೋ ನೋಡಬೇಕು.

ಸರ್ವೆಯವರು ಮೊನ್ನೆ ಬಂದು ಹೋದರು. ಕೋಲಿನ ತುದಿಯ ಯಂತ್ರಕ್ಕೆ ಆಕಾಶ ಕಾಣಬೇಕಂತೆ, ಪೂರ್ವ ಮೂಲೆಯ ಗೇರು ಮರದ ಅಡಿಯಲ್ಲಿ ಸಿಗ್ನಲ್ ಸಿಗಲಿಲ್ಲ. ಅಲ್ಲಿಗೆ ಬೇರೆ ಯಂತ್ರ ತರುತ್ತಾರಂತೆ. ಮರ ಕಡಿಯಬೇಕಾ ಅಂತ ಕೇಳಿದೆ, ಬೇಡ ಅಂದರು. ನಕ್ಷೆ ಬಂದ ಮೇಲೆ ಓದಿಸಲು ಮತ್ತೆ ಭಾವನ ಮಗಳೇ ಗತಿ.

ಕೋಲು ಮುಕ್ಕಾಲು ಅಜ್ಜನಿಗೆ ಒಂದು ಪ್ರಶ್ನೆ. ಸುರಂಗದ ಬಾಯಿಗೆ ಗೇಟು ಮಾಡಿಸಬೇಕು ಅಂತ ಇದ್ದೇನೆ. ಹಂದಿ, ಮಕ್ಕಳು ಒಳಗೆ ಹೋಗಬಾರದಲ್ಲ. ಎಂಥದ್ದು ಮಾಡಿಸಲಿ?


ಕೋಲು ಮುಕ್ಕಾಲು
ಡಿಸೆಂಬರ್ 9

ಮಗಳೇ, ನಿನ್ನ ಅಜ್ಜನದ್ದು ಬಡಾಯಿ ಅಲ್ಲ ಅಂತ ತಿಳಿದು ನನಗೇ ಖುಷಿ ಆಯಿತು.

ಗೇಟು ಮಾಡಿಸುವ ಮೊದಲು ಮುಸ್ಸಂಜೆ ಹೊತ್ತಿಗೆ ಬಾಯಿಯ ಹತ್ತಿರ ಸುಮ್ನೆ ಕೂತು ನೋಡು, ಬಾವಲಿ ಹೊರಗೆ ಬರುತ್ತದಾ ಅಂತ. ಬಂದರೆ ತಗಡು ಬೇಡ. ಅಡ್ಡ ಸರಳಿನ ಗೇಟು ಮಾಡಿಸು, ಮೇಲೆ ಒಂದು ಗೇಣು ಸಂದು ಬಿಡು. ಕೆಳಗೆ ನೀರಿಗೆ ಪೈಪು ಈಗಲೇ ಇಡು, ಆಮೇಲೆ ಸಿಮೆಂಟು ಒಡೆಯುವುದು ರಗಳೆ. ಬಾಯಿಯ ಮೇಲಿನ ಬರೆಯಲ್ಲಿ ಇರುವ ಬೇರುಗಳನ್ನು ಮಾತ್ರ ಕೀಳಿಸಬೇಡ.